ನನಗೆಂದು ಖಾಲಿ ಬಿಟ್ಟ ನಾಲ್ಕು ಚೌಕ

ಒಂದೇ ದಿನಪತ್ರಿಕೆಯ ಎರಡು ಪ್ರತಿಗಳನ್ನು ನಾನು ಕೆಲವು ವರ್ಷ ಪೂರ್ತಿ ಬೆಲೆ ಕೊಟ್ಟು ತರಿಸಿದ್ದೇನೆ. ಪೀಣ್ಯದಲ್ಲಿ ಹಳೆ ಮಷೀನುಗಳನ್ನು ಕೊಂಡು ಮಾರಿ ಬದುಕು ಕಟ್ಟಿಕೊಂಡವನು ನಾನು. ತರಕಾರಿ ಗಾಡಿಯ ಮುಂದೆ ನಿಂತರೆ ಕೊತ್ತಂಬರಿ ಸೊಪ್ಪನ್ನು ಕೊಸರಿಗೆ ಹಾಕಿಸಿಕೊಳ್ಳದೆ ಕದಲಿದವನಲ್ಲ. ಅಂಥವನು ಒಂದೇ ಮಾಲಿಗೆ ಎರಡು ಸಲ ಬೆಲೆ ಕೊಟ್ಟೆ ಎಂದರೆ ನಮ್ಮ ಪೈಕಿಯವರು ನಂಬುವುದಿಲ್ಲ. ಮಾದನಾಯಕನಹಳ್ಳಿಯಲ್ಲಿ ನಮ್ಮ ಬೀದಿಗೆ ಪೇಪರ್ ಹಾಕುತ್ತಿದ್ದವರೂ ನಂಬಲಿಲ್ಲ.

"ಎರಡು ಹಾಕ್ಸಿದ್ರೆ ಸುದ್ದಿ ಏನ್ ಡಬಲ್ ಆಗುತ್ತಾ ಸಾರ್?"

"ಎರಡಕ್ಕೂ ಸೇರಿಸಿ ಒಂದು ರೇಟ್ ಹೇಳಪ್ಪ."

"ಮೊದ್ಲು ಯಾಕೆ ಅಂತ ಹೇಳಿ. ಆಮೇಲೆ ರೇಟ್ ಮಾತಾಡೋಣ."

ಯಾಕೆಂದು ಹೇಳುವುದು ನನ್ನಿಂದಾಗಲಿಲ್ಲ. ಕಾರಣ ಹೇಳಲಾರದವನು ಚೌಕಾಸಿಯನ್ನೂ ಮಾಡಲಾರ. ಅವರು ಹೇಳಿದ್ದಕ್ಕೆ ಒಪ್ಪಿ ಒಳಗೆ ಬಂದೆ. ಆ ಕಾರಣವನ್ನು ಈಗ ಬರೆಯುತ್ತಿದ್ದೇನೆ. ಅದು ಪತ್ರಿಕೆಯ ಒಳಪುಟದ ಪದಬಂಧ.

ನಮ್ಮ ಮನೆಯಲ್ಲಿ ಪದಬಂಧ ತುಂಬುವುದು ನನ್ನ ಮತ್ತು ನನ್ನ ಹೆಂಡತಿಯ ಪಾಲುಗಾರಿಕೆಯ ಕೆಲಸವಾಗಿತ್ತು. ಸಾಮಾನ್ಯಜ್ಞಾನದ ಸುಳಿವುಗಳು ನನ್ನ ಪಾಲು, ಪರ್ಯಾಯ ಪದಗಳು ಅವಳ ಪಾಲು. ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಆದರೆ ಪೀಣ್ಯದ ಶೆಡ್ಡುಗಳಲ್ಲಿ ಮಷೀನುಗಳ ಮೈಗೆ ಬಡಿದ ಹಿತ್ತಾಳೆ ಪಟ್ಟಿಗಳನ್ನು ಓದಿ ಓದಿ ದೇಶಗಳನ್ನು ಕಲಿತಿದ್ದೆ. ಬಲ್ಗೇರಿಯಾದ ಲೇತು, ಪೂರ್ವ ಜರ್ಮನಿಯ ಗ್ರೈಂಡಿಂಗ್ ಮಷೀನು, ಈಗ ಭೂಪಟದಲ್ಲೇ ಇಲ್ಲದ ಜೆಕೊಸ್ಲೊವಾಕಿಯಾದ ಮಿಲ್ಲಿಂಗ್ ಮಷೀನು. ಮಾಲಿಗೆ ಎಷ್ಟು ಕೇಳಬಹುದೆಂದು ತಿಳಿಯಬೇಕಾದರೆ ಅದು ಹುಟ್ಟಿದ ಊರಿನ ಬಗ್ಗೆ ನಾಲ್ಕು ಮಾತು ಗೊತ್ತಿರಬೇಕು. ಹಾಗಾಗಿ 'ಬಲ್ಗೇರಿಯಾದ ರಾಜಧಾನಿ, ಮೂರಕ್ಷರ' ಎಂದು ಅವಳು ಓದಿದರೆ ದೋಸೆ ಅಗಿಯುತ್ತಲೇ ಸೋಫಿಯಾ ಎನ್ನುತ್ತಿದ್ದೆ. ಆನೆಗೆ, ತಾವರೆಗೆ, ಮೋಡಕ್ಕೆ ಇನ್ನೊಂದು ಹೆಸರು ಕೇಳಿದರೆ ಮಾತ್ರ ನನ್ನ ಅಂಗಡಿ ಬಂದ್. ಅದು ಅವಳ ಕಣಜ. ಅವಳ ತಂದೆ ಕನ್ನಡ ಮೇಷ್ಟ್ರು.

"ಆನೆಗೆ ಕರಿ, ಗಜ, ದಂತಿ, ಹಸ್ತಿ, ಕುಂಜರ, ಮಾತಂಗ..." ಒಲೆಯ ಮುಂದೆ ನಿಂತೇ ಎಣಿಸುವಳು.

"ಸಾಕು ಬಿಡೇ. ನಂಗೆ ಒಂದ್ ಆನೆ ಸಾಕು."

"ಮೂರಕ್ಷರದ ಆನೆ ಬೇಕಲ್ರೀ. ಅಳತೆ ನೋಡ್ತಿದೀನಿ."

ನಾನು ಸ್ಕೂಟರ್ ಹತ್ತುವಷ್ಟರಲ್ಲಿ ಮುಗಿಯದಿದ್ದರೆ ಉಳಿದದ್ದು ಫೋನಿನಲ್ಲಿ. ಒಮ್ಮೆ ಅತ್ತಿಬೆಲೆಯಿಂದ ಒಬ್ಬರು ಲೇತು ನೋಡಲು ಬಂದಿದ್ದರು. ಗಟ್ಟಿ ಆಸಾಮಿ. ಮೂರು ಲಕ್ಷದ ಮೇಲೆ ಕಾಸು ಬಿಚ್ಚುವುದಿಲ್ಲ ಎಂದು ಕುರ್ಚಿಯಲ್ಲಿ ಬೇರು ಬಿಟ್ಟಿದ್ದರು. ಅಷ್ಟರಲ್ಲಿ ಮನೆಯಿಂದ ಫೋನು: ಕದಂಬರ ರಾಜಧಾನಿ ಯಾವುದು? ಬನವಾಸಿ ಎಂದರೆ ಚೌಕ ಮೂರೇ ಇವೆಯಲ್ಲ? ನಾನು, "ಇಲ್ಲ ಕಣೆ, ಮೂರು ಸಾಲಲ್ಲ. ನಾಲ್ಕೇ ಬೇಕು. ಸರಿಯಾಗಿ ಎಣಿಸು, ನಾಲ್ಕಕ್ಕೆ ಕಮ್ಮಿ ಕೂರಲ್ಲ" ಎಂದೆ. ಫೋನಿಟ್ಟಾಗ ಆಸಾಮಿಯ ಮುಖ ಇಳಿದಿತ್ತು.

"ಸಾರ್, ಮೇಡಂನ ಇನ್ನೊಂದ್ಸಲ ಕೇಳಿ. ಮೂರೂವರೆಗೆ ಒಪ್ತಾರಾ?"

ಮೂರೂವರೆಗೇ ವ್ಯಾಪಾರ ಮುಗಿಯಿತು. ಸಂಜೆ ಬನವಾಸಿಯ ಹೆಸರಿನಲ್ಲಿ ಮೈಸೂರುಪಾಕು ತೆಗೆದುಕೊಂಡು ಹೋದೆ. ಅವಳು ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಮಿಷನ್ನು ಬರೀ ಸಿಹೀಲಿ ತೀರಿಸ್ಬಿಡ್ತೀರಾ?" ಎಂದಳು.

ಈ ಪಾಲುಗಾರಿಕೆಯಲ್ಲಿ ಒಂದೇ ಒಂದು ತಕರಾರಿತ್ತು. ಸೂರ್ಯನಿಗಿರುವ ಹತ್ತಾರು ಹೆಸರುಗಳಲ್ಲಿ ಒಂದು ನನ್ನ ಹೆಸರು. ನಾಲ್ಕಕ್ಷರ. ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಬಾಯಿಗೆ ತರದಿದ್ದದ್ದನ್ನು ನಾನು ಅಚ್ಚಿಗೆ ಕೊಡಲಾರೆ. ಪದಬಂಧ ಮಾಡುವವರಿಗೆ ಸೂರ್ಯ ಎಂದರೆ ಪ್ರೀತಿ, ಆಗಾಗ ತಂದು ಕೂರಿಸುತ್ತಾರೆ. ಪರ್ಯಾಯ ಪದ ಅವಳ ಪಾಲು. ಆದರೆ ಗಂಡನ ಹೆಸರನ್ನು ಅವಳು ಹೇಳುವಂತಿಲ್ಲ. ಹೇಳಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಅವಳ ಅಜ್ಜಿ ತಲೆಯಲ್ಲಿ ತುಂಬಿದ್ದರು. ಮದುವೆಯ ದಿನ ನನ್ನ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತು, ಒಡಪಿಟ್ಟು ಹೆಸರು ಹೇಳಿದರೇನೇ ಒಳಗೆ ಬಿಡುವುದು ಎಂದು ಹಟ ಹಿಡಿದಾಗ ಏನೋ ಗೊಣಗಿದಳು. ಯಾರಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ಹಸಿವಾಗಿದ್ದ ಅಕ್ಕಂದಿರು ಬಾಗಿಲು ಬಿಟ್ಟರು.

ಬರೆಯುವುದೂ ಹೇಳಿದಂತೆಯೇ ಎಂಬುದು ಅವಳ ಕಾನೂನು. ಹಾಗಾಗಿ ಸೂರ್ಯ ಬಂದ ದಿನ ಉಳಿದೆಲ್ಲ ಚೌಕಗಳನ್ನು ತುಂಬಿ, ಆ ನಾಲ್ಕನ್ನು ಖಾಲಿ ಬಿಟ್ಟು, ಪೇಪರನ್ನು ನನ್ನ ಕಡೆ ತಿರುಗಿಸಿ, ಪೆನ್ಸಿಲನ್ನು ನನ್ನ ಕೈಗೆ ಕೊಡುವಳು.

"ಇದು ನಿಮ್ದು. ನೀವೇ ತುಂಬ್ಕೊಳ್ಳಿ."

"ಯಾವ ಪದ ಅಂತಲಾದ್ರೂ ಹೇಳು."

"ಗೊತ್ತಿಲ್ವಾ? ಹಂಗಾದ್ರೆ ನಿಮ್ಮ ಆಧಾರ್ ಕಾರ್ಡ್ ನೋಡ್ಕೊಳ್ಳಿ."

ಸೀರೆ ಕೊಡಿಸುವುದಾಗಿ ಆಸೆ ಹುಟ್ಟಿಸಿದೆ, ಬಳೆ ಎಂದೆ. "ನಿಮ್ಮ ವ್ಯಾಪಾರ ಪೀಣ್ಯದಲ್ಲಿಟ್ಕೊಳ್ಳಿ" ಎಂದು ಕಾಫಿ ಲೋಟ ಎತ್ತಿಕೊಂಡು ಹೋದಳು. ಯಾರ್ಯಾರನ್ನೋ ಬಗ್ಗಿಸಿದ ನಾನು ಇವಳ ಬಾಯಿಂದ ನಾಲ್ಕಕ್ಷರ ಬಿಡಿಸಲಾಗದೆ ಸೋತೆ. ಸೋತದ್ದು ಹಿತವಾಗಿಯೇ ಇತ್ತು. ವ್ಯಾಪಾರಕ್ಕೆ ಇಳಿದ ಹೊಸದರಲ್ಲಿ ಒಬ್ಬ ಹಿರಿಯರು ನನಗೆ ಹೇಳಿದ್ದರು: ಕೇಳದೆಯೇ ಬೆಲೆ ಇಳಿಸುವವನ ಮಷೀನು ಮುಟ್ಟಬೇಡ, ಒಳಗೆ ಎಲ್ಲೋ ಬಿರುಕು ಬಿಟ್ಟಿರುತ್ತದೆ. ಗಟ್ಟಿಯಾಗಿ ಹಿಡಿದವರ ಮಾಲು ಗಟ್ಟಿ.

ಆಮೇಲೆ ಆನೆಗಳು ಕಡಿಮೆಯಾಗತೊಡಗಿದವು. ಆರು ಹೆಸರು ಹೇಳುತ್ತಿದ್ದವಳು ಎರಡಕ್ಕೆ ನಿಂತು ಒಲೆಯನ್ನೇ ನೋಡುವಳು. ತಾವರೆಗೆ ಮೂರಕ್ಷರ ಕೇಳಿದರೆ, "ಬಾಯಲ್ಲೇ ಇದೆ ರೀ, ಕೈಗೆ ಬರ್ತಿಲ್ಲ" ಎನ್ನುವಳು. ಸಾರಿಗೆ ಸಕ್ಕರೆ ಬಿತ್ತು. ಪಕ್ಕದ ಬೀದಿಯ ಹಿಟ್ಟಿನ ಗಿರಣಿಗೆ ಹೋದವಳನ್ನು ಯಾರೋ ಹೆದ್ದಾರಿಯ ಬಸ್ ನಿಲ್ದಾಣದಿಂದ ಕರೆತಂದರು. ಮರೆವಿನ ಕಾಯಿಲೆ, ನಿಧಾನವಾಗಿ ಹೆಚ್ಚುತ್ತದೆ, ನಿಲ್ಲಿಸುವ ಔಷಧಿಯಿಲ್ಲ ಎಂದು ಡಾಕ್ಟರು ಹೇಳಿದರು. ನನ್ನ ಮಗಳ ವಯಸ್ಸಿನ ಹುಡುಗಿ ಆಕೆ. ಪದಬಂಧದ ವಿಷಯ ಹೇಳಿದಾಗ ಆಕೆಗೆ ಖುಷಿಯಾಯಿತು. "ಬಿಡಬೇಡಿ ಅಂಕಲ್. ಆದ್ರೆ ಪದ ನೀವು ಹೇಳ್ಬಾರ್ದು. ಸುಳಿವು ಕೊಡಿ, ಕಾಯಿರಿ. ಅವರೇ ಹುಡುಕ್ಕೊಳ್ಳಲಿ" ಎಂದರು.

ಇದು ನನಗೆ ಗೊತ್ತಿದ್ದ ವಿದ್ಯೆ. ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವನು ಸೋತ. ಸುತ್ತಮುತ್ತ ಮಾತಾಡುತ್ತ ಎದುರಿನವನ ಬಾಯಿಂದಲೇ ಹೊರಡಿಸಬೇಕು. ಆದರೆ ಸುಳಿವು ಕೊಡಬೇಕಾದರೆ ಉತ್ತರ ನನಗೆ ಮೊದಲೇ ಗೊತ್ತಿರಬೇಕಲ್ಲ? ಅರ್ಧ ಉತ್ತರಗಳು ಅವಳ ಪಾಲಿನವು. ಅದಕ್ಕೇ ಎರಡನೆಯ ಪೇಪರು. ಬೆಳಗಾಗುತ್ತಿದ್ದಂತೆ ಒಂದನ್ನು ತೆಗೆದುಕೊಂಡು ತುಮಕೂರು ರಸ್ತೆಯ ಟೀ ಅಂಗಡಿಗೆ ಹೋಗುತ್ತಿದ್ದೆ. ಲಾರಿಯವರ ನಡುವೆ ನಿಂತು, ನಿಘಂಟು ನೋಡಿ, ಬಂದವರನ್ನು ಕೇಳಿ ತುಂಬುತ್ತಿದ್ದೆ. "ಅಣ್ಣಾ, ಮೋಡಕ್ಕೆ ಮೂರಕ್ಷರ?" ಎಂದರೆ ಒಬ್ಬ ಡ್ರೈವರು, "ನಂಗೆ ಮೋಡ ಅಂದ್ರೆ ಟಾರ್ಪಾಲು ಅಷ್ಟೇ ಗುರು" ಎಂದು ನಗಿಸಿದ್ದ. ತುಂಬಿದ ಪ್ರತಿಯನ್ನು ಸ್ಕೂಟರ್ ಸೀಟಿನ ಕೆಳಗಿಟ್ಟು, ಏನೂ ಅರಿಯದವನಂತೆ ಮನೆಗೆ ಬಂದು, ಖಾಲಿ ಪ್ರತಿಯ ಮುಂದೆ ಅವಳ ಪಕ್ಕ ಕೂರುತ್ತಿದ್ದೆ.

'ದ್ರವರೂಪದ ಲೋಹ, ನಾಲ್ಕಕ್ಷರ.' ಇದು ನನ್ನ ಪಾಲಿನದಾದರೂ ಅವಳಿಗೇ ಬಿಟ್ಟೆ.

"ಥರ್ಮಾಮೀಟರ್ ಒಳಗೆ ಏನೇ ಓಡಾಡೋದು?"

ಬಹಳ ಹೊತ್ತು ಯೋಚಿಸಿ, "ಜ್ವರ" ಎಂದಳು.

"ಜ್ವರ ಎರಡೇ ಅಕ್ಷರ ಕಣೆ. ನಾಲ್ಕು ಬೇಕು."

ಬೆರಳು ಮಡಿಸಿ ಎಣಿಸಿ, "ಜಾಸ್ತಿ ಜ್ವರ" ಎಂದಳು.

ಲೆಕ್ಕ ಸರಿಯಾಗಿತ್ತು. ನಾನು ನಕ್ಕೆ, ನನ್ನ ನಗು ನೋಡಿ ಅವಳೂ ನಕ್ಕಳು. ಪಾದರಸದ ಜಾಗದಲ್ಲಿ ಜಾಸ್ತಿ ಜ್ವರ ಎಂದೇ ಬರೆಸಿದೆ. ಅಡ್ಡ ಬಂದ ಪದಗಳೆಲ್ಲ ಕೆಟ್ಟವು. ಕೆಡಲಿ ಎಂದುಕೊಂಡೆ.

ಮುಂದಿನ ತಪಾಸಣೆಗೆ ಮಗಳೂ ಬಂದಿದ್ದಳು. ಅವಳ ಸಂಸಾರ ದೊಡ್ಡನೆಕ್ಕುಂದಿಯಲ್ಲಿ. ಊರಿನ ಆ ತುದಿಯಿಂದ ಈ ತುದಿಗೆ ಬರಲು ಅರ್ಧ ದಿನ ಬೇಕು, ಆದರೂ ಭಾನುವಾರ ತಪ್ಪಿಸುತ್ತಿರಲಿಲ್ಲ. ಡಾಕ್ಟರು ನನ್ನ ಕಡೆ ಕೈ ತೋರಿಸಿ ಕೇಳಿದರು.

"ಅಮ್ಮ, ಇವ್ರು ಯಾರು?"

"ನಮ್ಮನೆಯವ್ರು."

"ಅವ್ರ ಹೆಸರೇನು?"

ಅವಳು ತಲೆ ತಗ್ಗಿಸಿ ನಕ್ಕಳು. ಡಾಕ್ಟರು ಮತ್ತೆ ಕೇಳಿದರು, ಮತ್ತೆ ಅದೇ ನಗು. ಡಾಕ್ಟರು ಸೊನ್ನೆ ಹಾಕಿದರು.

"ಮೇಡಂ, ಅದಕ್ಕೆ ಮಾರ್ಕು ಕಟ್ ಮಾಡ್ಬೇಡಿ. ಅವಳು ಯಾವತ್ತೂ ಹೇಳಿದವಳಲ್ಲ. ಗೊತ್ತಿದೆ, ಹೇಳಲ್ಲ ಅಷ್ಟೇ."

"ಗೊತ್ತಿದೆ ಅಂತ ನಂಗೆ ಹೇಗೆ ಗೊತ್ತಾಗ್ಬೇಕು ಅಂಕಲ್?"

"ಅರ್ಧ ಮಾರ್ಕಾದ್ರೂ ಹಾಕಿ."

"ಅಪ್ಪಾ, ಇದು ಪೀಣ್ಯ ಅಲ್ಲ" ಎಂದು ಮಗಳು ನನ್ನ ತೋಳು ಹಿಡಿದಳು. ಡಾಕ್ಟರು ನಕ್ಕರು. ಸೊನ್ನೆ ಮಾತ್ರ ಹಾಗೆಯೇ ಉಳಿಯಿತು.

ಅಂದಿನಿಂದ ಮಗಳಿಗೆ ಒಂದೇ ಹಟ. ಪ್ರತಿ ಭಾನುವಾರ ಅಮ್ಮನ ಕೈ ಹಿಡಿದು, "ಅಮ್ಮ, ಅಪ್ಪನ ಹೆಸರು ಹೇಳು. ಒಂದ್ಸಲ ಹೇಳು" ಎಂದು ಶುರು ಮಾಡುವಳು. ಬೇಡ ಎಂದರೆ, "ಯಾವ ಕಾಲದಲ್ಲಿದೀರಪ್ಪಾ? ಮರೆತೇ ಹೋದ್ರೆ ಏನ್ ಮಾಡ್ತೀರಾ?" ಎಂದು ನನ್ನ ಮೇಲೇ ಹಾಯುವಳು. ಅಮ್ಮ ಹೆಸರು ಹೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪದಬಂಧದಲ್ಲಿ ನಾಲ್ಕು ಚೌಕ ಖಾಲಿ ಬಿಟ್ಟು ಪೆನ್ಸಿಲ್ ಕೈಗೆ ಕೊಡುವುದು ಗೊತ್ತಿರಲಿಲ್ಲ. ಅದು ಅವಳು ಸ್ಕೂಲಿಗೆ ಏಳುವ ಮೊದಲಿನ ನಮ್ಮಿಬ್ಬರ ಮಾತು. ಹೇಳಬೇಕೆಂದು ಎಂದೂ ಅನ್ನಿಸಿರಲಿಲ್ಲ.

ನಾನು ಸೂರ್ಯನನ್ನು ಕಾಯತೊಡಗಿದೆ. ಡಾಕ್ಟರ ಪರೀಕ್ಷೆ ಅವರಿಗಿರಲಿ, ನನ್ನ ಪರೀಕ್ಷೆ ಇದು. ನನ್ನ ಹೆಂಡತಿ ಎಲ್ಲಿಯವರೆಗೆ ಆ ನಾಲ್ಕು ಚೌಕ ನನಗೆ ಬಿಡುತ್ತಾಳೋ ಅಲ್ಲಿಯವರೆಗೆ ನಾನು ಅವಳಿಗೆ ಗೊತ್ತು.

ಒಂದು ಬೆಳಿಗ್ಗೆ ಟೀ ಅಂಗಡಿಯಲ್ಲಿ ಪೇಪರು ಬಿಚ್ಚಿದಾಗ ಸೂರ್ಯ ಇದ್ದ. ನಾಲ್ಕಕ್ಷರ, ಅಡ್ಡ ಬರುವ ಅಕ್ಷರವೂ ನನ್ನ ಹೆಸರಿನದೇ. ಟೀ ಪೂರ್ತಿ ಕುಡಿಯದೆ ಮನೆಗೆ ಬಂದೆ. ಅಷ್ಟು ಹೊತ್ತಿಗೆ ಅವಳ ಪದಬಂಧದಲ್ಲಿ ಅರ್ಧಕ್ಕರ್ಧ ಚೌಕ ಖಾಲಿಯೇ ಉಳಿಯುತ್ತಿತ್ತು. ಪದ ಸಿಗದ ಚೌಕಗಳ ಮೇಲೆ ಪೆನ್ಸಿಲಿನಿಂದ ಕುಟ್ಟುತ್ತ, ತುಟಿ ಕಚ್ಚುತ್ತ ಕೂರುವಳು. ಸೂರ್ಯನ ಹತ್ತಿರ ಬಂದಾಗ ಕುಟ್ಟಲಿಲ್ಲ. ಒಂದು ಕ್ಷಣ ನೋಡಿ, ಪೇಪರು ತಿರುಗಿಸಿ, ಪೆನ್ಸಿಲನ್ನು ನನ್ನ ಕೈಗಿಟ್ಟಳು. ತುಟಿಯ ತುದಿಯಲ್ಲಿ ಹಳೆಯ ಪೋಕರಿತನ ಇತ್ತು. ಆ ದಿನ ಪೀಣ್ಯದಲ್ಲಿ ಒಂದು ಡ್ರಿಲ್ಲಿಂಗ್ ಮಷೀನನ್ನು ಗಿರಾಕಿ ಕೇಳಿದ ಬೆಲೆಗೇ ಕೊಟ್ಟುಬಿಟ್ಟೆ. ಪಕ್ಕದ ಶೆಡ್ಡಿನವರು, "ಏನಣ್ಣಾ, ಜ್ವರ ಗಿರ ಬಂದಿದ್ಯಾ?" ಎಂದರು. ಜಾಸ್ತಿ ಜ್ವರ ಎಂದೆ.

ಮತ್ತೆ ಬಹಳ ದಿನ ಸೂರ್ಯ ಬರಲಿಲ್ಲ. ಬಂದಾಗ ಭಾನುವಾರವಾಗಿತ್ತು.

ಟೀ ಅಂಗಡಿಯಿಂದ ಬರುವಷ್ಟರಲ್ಲಿ ಮಗಳು ಬಂದಿದ್ದಳು, ಆಗಲೇ ಅಮ್ಮನ ಮುಂದೆ ಪೇಪರು ಹಾಸಿದ್ದಳು. ನಾನು ಎದುರಿಗೆ ಕುಳಿತೆ. ಆ ಹೊತ್ತಿಗೆ ನನ್ನವಳು ದಿನಕ್ಕೆ ಒಂದೆರಡು ಪದ ತುಂಬಿದರೆ ಹೆಚ್ಚು. ಮಗಳು ಒಂದೊಂದೇ ಸುಳಿವು ಓದುತ್ತಿದ್ದಳು, ಇವಳು ಪೆನ್ಸಿಲ್ ಹಿಡಿದು ಕಿಟಕಿಯಾಚೆ ಒಣಗಲು ಹಾಕಿದ್ದ ಬಟ್ಟೆಗಳನ್ನು ನೋಡುತ್ತಿದ್ದಳು.

"ಸೂರ್ಯ. ನಾಲ್ಕಕ್ಷರ ಅಮ್ಮ."

ಅವಳು ಬಗ್ಗಿದಳು. ನಾನು ಕೈ ಚಾಚಿ ಮೇಜಿನ ಮೇಲಿಟ್ಟುಕೊಂಡಿದ್ದೆ, ಪೆನ್ಸಿಲಿಗೆಂದು. ಅವಳು ಬರೆಯತೊಡಗಿದಳು. ಮೇಷ್ಟ್ರ ಮಗಳ ದುಂಡನೆಯ ಅಕ್ಷರ, ಒಂದರ ಪಕ್ಕದಲ್ಲೊಂದು, ತಡವರಿಸದೆ. ನಾಲ್ಕನೆಯದನ್ನೂ ಬರೆದು ಪೆನ್ಸಿಲ್ ಕೆಳಗಿಟ್ಟಳು.

"ಅಪ್ಪಾ! ನೋಡಿ! ಅಮ್ಮ ನಿಮ್ಮ ಹೆಸರು ಬರೆದ್ಲು! ಒಂದೂ ತಪ್ಪಿಲ್ಲ!" ಮಗಳು ಅಮ್ಮನನ್ನು ತಬ್ಬಿಕೊಂಡಳು, ಅತ್ತಳು, ಫೋನಿನಲ್ಲಿ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿದಳು. ಒಳ್ಳೆಯ ಸೂಚನೆ, ಹೀಗೇ ಮುಂದುವರಿಸಿ ಎಂದು ಉತ್ತರ ಬಂತು. ಅದನ್ನು ನನಗೆ ಓದಿ ಹೇಳಿ, ಪಾಯಸ ಮಾಡುತ್ತೇನೆಂದು ಅಡುಗೆಮನೆಗೆ ಓಡಿದಳು.

ನಾವಿಬ್ಬರೇ ಉಳಿದೆವು. ಹೊಸಬರ ಮುಂದೆ ಕೂರುವಂತೆ ಅವಳು ಸೆರಗು ಸರಿಮಾಡಿಕೊಂಡು, ಪೇಪರನ್ನು ಸ್ವಲ್ಪ ನನ್ನ ಕಡೆ ಸರಿಸಿದಳು.

"ಸರಿ ಇದ್ಯಾ ಸಾರ್?"

ಎಷ್ಟೋ ವರ್ಷ ಸೀರೆ ಬಳೆಗಳ ಆಸೆ ತೋರಿಸಿ ಬೇಡಿದ್ದನ್ನು ಅವಳು ಕೇಳದೆ ಕೊಟ್ಟಿದ್ದಳು. ಅವಳ ಪಾಲಿಗೆ ಅದು ಈಗ ಆಕಾಶದಲ್ಲಿರುವ ಸೂರ್ಯನ ಹೆಸರು ಮಾತ್ರ. ತಂದೆ ಕಲಿಸಿದ ಪದ ಒಳಗೆಲ್ಲೋ ಉಳಿದಿತ್ತು. ಆ ಪದದ ಮನುಷ್ಯ ಹೋಗಿದ್ದ.

"ಸರಿಯಾಗಿದೆ. ನೂರಕ್ಕೆ ನೂರು" ಎಂದೆ.

ಅವಳಿಗೆ ಸಂತೋಷವಾಯಿತು. ಅಡುಗೆಮನೆಯಿಂದ ತುಪ್ಪದಲ್ಲಿ ಗೋಡಂಬಿ ಹುರಿಯುವ ವಾಸನೆ ಬರುತ್ತಿತ್ತು. ಪಾಯಸ ತಿಂದೆ. ಚೆನ್ನಾಗಿದೆ ಎಂದು ಎರಡನೆಯ ಸಲವೂ ಹಾಕಿಸಿಕೊಂಡೆ.

ಆಮೇಲೆ ಅವಳು ಪೆನ್ಸಿಲ್ ಹಿಡಿಯುವುದನ್ನೂ ಬಿಟ್ಟಳು. ಎರಡನೆಯ ಪೇಪರನ್ನು ನಿಲ್ಲಿಸಿದೆ. ಈ ಸಲ ಪೇಪರಿನವರು ಯಾಕೆಂದು ಕೇಳಲಿಲ್ಲ. ಅವಳು ಹೋದ ಮೇಲೆ, ತಿಥಿ ಮುಗಿದ ಒಂದು ಸಂಜೆ, ಮಗಳಿಗೆ ಎಲ್ಲ ಹೇಳಿದೆ.

"ಅವತ್ತೇ ಯಾಕೆ ಹೇಳ್ಲಿಲ್ಲ ಅಪ್ಪಾ? ನಾನು ಪಾಯಸ ಮಾಡಿದ್ನಲ್ಲಪ್ಪಾ."

"ನಿನಗೆ ಅಮ್ಮ ಸಿಕ್ಕಿದ್ಲು ಅಂತಿತ್ತು. ಕಿತ್ಕೊಳ್ಳೋಕೆ ಆಗ್ಲಿಲ್ಲ."

ಪದಬಂಧ ನಾನು ಈಗಲೂ ತುಂಬುತ್ತೇನೆ. ಆನೆ, ತಾವರೆ ಎಲ್ಲ ನನ್ನ ಪಾಲಿಗೇ ಬಂದಿವೆ, ನಿಘಂಟು ಸವೆದಿದೆ. ಸೂರ್ಯ ಬಂದರೆ ಆ ನಾಲ್ಕು ಚೌಕ ಮುಟ್ಟುವುದಿಲ್ಲ. ಅದು ಅವಳು ಬಿಟ್ಟ ಜಾಗ.

ಬುದ್ಧಿ ಹೇಳುವುದು ನನ್ನ ಹಳೆಯ ಚಟ, ಹೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾದರೆ ಪದಬಂಧ ಕೊಡಿ, ಒಳ್ಳೆಯದು. ಪೆನ್ನು ಬೇಡ, ಪೆನ್ಸಿಲ್ ಕೊಡಿ. ಅಳಿಸಲು ಸುಲಭ, ಅವಮಾನ ಕಡಿಮೆ. ದೊಡ್ಡ ಅಕ್ಷರದ್ದನ್ನು ಆರಿಸಿ. ಬೆಳಗಿನ ತಿಂಡಿಯಾದ ಮೇಲೆ ಕೂರಿಸಿ. ಸಂಜೆ ಅವರಿಗೆ ತಲೆ ದಣಿದಿರುತ್ತದೆ. ಉತ್ತರ ಮೊದಲೇ ತಿಳಿದುಕೊಂಡಿರಿ, ಆದರೆ ಹೇಳಬೇಡಿ. ಬಾಯಿಗೆ ಬಂದ ತಪ್ಪು ಪದ ಚೌಕಕ್ಕೆ ಕೂರುವಂತಿದ್ದರೆ ಬರೆಯಲು ಬಿಡಿ, ಅಡ್ಡಪದ ಕೆಟ್ಟರೆ ಲೋಕ ಮುಳುಗುವುದಿಲ್ಲ. ಡಾಕ್ಟರ ಹತ್ತಿರ ಹೋಗುವ ಮೊದಲೇ ನಿಮ್ಮ ಮನೆಯ ಪದ್ಧತಿ ಹೇಳಿ: ಯಾವುದನ್ನು ಇವರು ಮರೆತದ್ದು, ಯಾವುದನ್ನು ಎಂದೂ ಹೇಳದೆ ಇದ್ದದ್ದು.

ಇನ್ನೊಂದು ಮಾತು, ಇದು ಆರೋಗ್ಯವಾಗಿರುವವರಿಗೆ. ಗಂಡ ಹೆಂಡಿರ ನಡುವೆ ಬಾಯಿಬಿಟ್ಟು ಹೇಳದ ಒಂದು ವ್ಯವಹಾರ ಎಲ್ಲ ಮನೆಯಲ್ಲೂ ಇರುತ್ತದೆ. ಒಂದು ಲೋಟ ಪಕ್ಕಕ್ಕಿಡುವುದೋ, ಒಂದು ದೀಪ ಆರಿಸದೆ ಬಿಡುವುದೋ, ಏನೋ ಒಂದು. ಅದು ಏನೆಂದು ನಿಮ್ಮ ಮಕ್ಕಳಿಗೆ ಈಗಲೇ, ನಗುನಗುತ್ತಾ ಹೇಳಿಬಿಡಿ. ಮುಂದೊಂದು ದಿನ ಅದು ನಿಂತುಹೋದಾಗ, ನಿಂತಿದ್ದು ಏನೆಂದು ತಿಳಿಯುವವರು ಮನೆಯಲ್ಲಿ ನೀವೊಬ್ಬರೇ ಆಗಬಾರದು.